ಅವೊಮಿನ್, ಸ್ಟುಜೆರಾನ್, ಕಿವಿ ಹಿಂದಿನ ಪ್ಯಾಚ್: ಮೂರು ಕಡಲಲ್ಲಿ ನಾನು ಪಟ್ಟ ಪಾಡು

ಮೊದಲೇ ಹೇಳಿಬಿಡುತ್ತೇನೆ, ಬಸ್ಸು, ಹಡಗು ಹತ್ತಿದರೆ ಬರುವ ವಾಂತಿಗೆ ಯಾವ ಮದ್ದು ಅಂದರೆ ನನ್ನ ಓಟು ಅವೊಮಿನ್‌ಗೆ. ಹಳೇ ಮಾತ್ರೆ, ನಿದ್ದೆ ಬರಿಸುತ್ತೆ ಅಂತ ಎಲ್ಲರೂ ಬೈಯುವ ಮಾತ್ರೆ. ಅದನ್ನು ಬಿಟ್ಟು ಬೇರೆಯದರ ಹಿಂದೆ ಹೋಗಿ ಎರಡು ಸಲ ಕೆಟ್ಟೆ. ಆ ಕಥೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ತೀರ್ಥಹಳ್ಳಿ ಕಡೆಯವಳು. ಅಜ್ಜಿಮನೆ ಉಡುಪಿ ಹತ್ತಿರ. ಮಧ್ಯೆ ಆಗುಂಬೆ ಘಾಟಿ. 14 ಹೇರ್‌ಪಿನ್ ತಿರುವು ಇಳಿದು ಸೋಮೇಶ್ವರ ಬರುವಷ್ಟರಲ್ಲಿ ನನ್ನ ಹೊಟ್ಟೆ ಪೂರ್ತಿ ಖಾಲಿ. ಅಮ್ಮ ಕೈಗೆ ನಿಂಬೆಹಣ್ಣು ಕೊಟ್ಟು ಮೂಸುತ್ತಿರು ಅನ್ನುತ್ತಿದ್ದಳು. ಈಗಲೂ ನಿಂಬೆ ವಾಸನೆ ಬಂದರೆ ನನಗೆ ನೆನಪಾಗುವುದು ಪಾನಕ ಅಲ್ಲ, ಬಸ್ಸಿನ ಕಿಟಕಿ. ಇಂಥವಳನ್ನು ಯಜಮಾನರು ಸಮುದ್ರಕ್ಕೆ ಕರೆದುಕೊಂಡು ಹೋದರು. ಅವರೋ, ಹಡಗು ಮಗುಚುವಂತೆ ಓಲಾಡಿದರೂ ಡೆಕ್ಕಿನಲ್ಲಿ ನಿಂತು ಆಮ್ಲೆಟ್ ತಿನ್ನುವ ಜಾತಿ.

ಮೊದಲ ಪ್ರಯಾಣ 2023ರ ಜನವರಿಯಲ್ಲಿ, ಅಂಡಮಾನಿಗೆ. ಪೋರ್ಟ್ ಬ್ಲೇರ್‌ನಿಂದ ಹ್ಯಾವ್‌ಲಾಕಿಗೆ ವೇಗದ ದೋಣಿ, ಸುಮಾರು ಎರಡು ಗಂಟೆ ಅಷ್ಟೇ. ಹೊರಡುವ ಮುಂಚೆ ನಮ್ಮೂರಿನ ಒಂದು ಔಷಧಿ ಅಂಗಡಿಗೆ ಹೋಗಿ "ವಾಂತಿ ಮಾತ್ರೆ ಕೊಡಿ" ಅಂದೆ. ನೋಡಿ, ತಪ್ಪು ಅಲ್ಲೇ ಆಯಿತು. ಅಂಗಡಿಯವರು ಒಂಡಾನ್ಸೆಟ್ರಾನ್ ಕೊಟ್ಟರು. ನಾಲಿಗೆ ಮೇಲೆ ಇಟ್ಟರೆ ಕರಗುವ ಬಿಳಿ ಮಾತ್ರೆ, ಸ್ಟ್ರಾಬೆರಿ ರುಚಿ. ಹೊಟ್ಟೆ ಕೆಟ್ಟಾಗ, ಆಪರೇಷನ್ ಆದ ಮೇಲೆ, ಕೀಮೋಥೆರಪಿ ಆದವರಿಗೆ ಅದು ಒಳ್ಳೆಯ ಮದ್ದೇ. ಆದರೆ ದೋಣಿಯಲ್ಲಿ ಬರುವ ವಾಂತಿ ಹೊಟ್ಟೆಯಲ್ಲಿ ಹುಟ್ಟುವುದಿಲ್ಲ, ಕಿವಿಯೊಳಗೆ ಹುಟ್ಟುತ್ತದೆ. ಒಳಕಿವಿ "ಅಲ್ಲಾಡ್ತಾ ಇದ್ದೀವಿ" ಅನ್ನುತ್ತದೆ, ಮುಂದಿನ ಸೀಟು ನೋಡುತ್ತಿರುವ ಕಣ್ಣು "ಎಲ್ಲಿ, ಇಲ್ವಲ್ಲ" ಅನ್ನುತ್ತದೆ. ಇವರಿಬ್ಬರ ಜಗಳದಲ್ಲಿ ಹೊಟ್ಟೆ ಸುಮ್ನೆ ಪೆಟ್ಟು ತಿನ್ನುತ್ತದೆ. ಆ ಜಗಳಕ್ಕೆ ಒಂಡಾನ್ಸೆಟ್ರಾನ್ ಹೆಚ್ಚೇನೂ ಮಾಡುವುದಿಲ್ಲ.

ದೋಣಿ ಪೂರ್ತಿ ಮುಚ್ಚಿದ ಎಸಿ ದೋಣಿ. ಅರ್ಧ ಗಂಟೆಯಲ್ಲಿ ನಾನು ಎರಡನೇ ಕವರ್ ಕೇಳಿದೆ. ಮಿಕ್ಕಿದ್ದನ್ನು ಬರೆಯುವುದು ಬೇಡ. ಒಂದು ಮಾತು ಮಾತ್ರ: ವಾಂತಿ ಶುರುವಾದ ಮೇಲೆ ಯಾವ ಮಾತ್ರೆ ನುಂಗಿದರೂ ಅಷ್ಟಕ್ಕಷ್ಟೇ. ಅದು ಒಳಗೆ ನಿಂತು ಕೆಲಸ ಮಾಡಬೇಕಲ್ವಾ?

ವಾಪಸು ಬರುವ ದಿನ ನಾವಿದ್ದ ಹೋಟೆಲಿನವರೇ ಸಿನರಿಜಿನ್ ತೆಗೆದುಕೊಳ್ಳಿ ಅಂದರು. ನಮ್ಮಲ್ಲಿ ಸ್ಟುಜೆರಾನ್ ಅನ್ನುವ ಹೆಸರಲ್ಲಿ ಸಿಗುತ್ತದೆ. ದೋಣಿಗೆ ಎರಡು ಗಂಟೆ ಮುಂಚೆ, ತಿಂಡಿ ಆದ ಮೇಲೆ 25 ಮಿಲಿಗ್ರಾಂನ ಒಂದು ಮಾತ್ರೆ. ಏನೂ ಆಗಲಿಲ್ಲ. ನಿದ್ದೆಯೂ ಅಷ್ಟೇನೂ ಬರಲಿಲ್ಲ, ಕಿಟಕಿಯಲ್ಲಿ ನೀಲಿ ನೀರು ನೋಡುತ್ತಾ ಬಂದೆ. ಆದರೆ ಆವತ್ತು ಸಮುದ್ರ ನಮ್ಮೂರ ಕೆರೆ ಇದ್ದ ಹಾಗಿತ್ತು. ಹಾಗಾಗಿ ಪೂರ್ತಿ ಅಂಕ ಕೊಡಲು ಮನಸ್ಸಿಲ್ಲ.

ಇನ್ನು ಪ್ಯಾಚ್.

2024ರ ಜೂನ್‌ನಲ್ಲಿ ಸಿಯಾಟಲ್‌ನಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆವು. ಅಲ್ಲಿಂದ ಅಲಾಸ್ಕಾಗೆ ಒಂದು ವಾರದ ಕ್ರೂಸ್. ದೊಡ್ಡ ಹಡಗು ಅಲ್ಲಾಡುವುದೇ ಇಲ್ಲ ಅಂತ ಭಾವ ಹೇಳಿದ್ದರು. ಸಿಯಾಟಲ್‌ನಿಂದ ಹೊರಟ ಹಡಗು ಜಲಸಂಧಿ ದಾಟಿ ಪೆಸಿಫಿಕ್‌ಗೆ ಬಿದ್ದ ಮೇಲೆ ಅಲ್ಲಾಡುತ್ತದೆ. ಚೆನ್ನಾಗಿಯೇ ಅಲ್ಲಾಡುತ್ತದೆ. ಅಕ್ಕನಿಗೆ ಅವಳ ಡಾಕ್ಟರು ಸ್ಕೋಪೊಲಮಿನ್ ಪ್ಯಾಚ್ ಬರೆದುಕೊಟ್ಟಿದ್ದರು. ಬಿಂದಿಗಿಂತ ಸ್ವಲ್ಪ ದೊಡ್ಡದು, ಚರ್ಮದ ಬಣ್ಣ. ಕಿವಿಯ ಹಿಂದೆ ಕೂದಲಿಲ್ಲದ ಕಡೆ ಅಂಟಿಸಿದರೆ ಮೂರು ದಿನ ಯೋಚನೆಯೇ ಇಲ್ಲ. ಕೆಲಸ ಶುರುವಾಗಲು ನಾಲ್ಕು ಗಂಟೆಯಾದರೂ ಬೇಕು, ಹಾಗಾಗಿ ಬೆಳಿಗ್ಗೆ ಮನೆಯಲ್ಲೇ ಅಂಟಿಸಿಕೊಂಡೆ. ಅವಳ ಚೀಟಿ, ನನ್ನ ಕಿವಿ. ಬೇರೆಯವರ ಮದ್ದು ಹಾಗೆ ಬಳಸಬಾರದಿತ್ತು, ಗೊತ್ತು. ಆಗ ಅಂಡಮಾನಿನ ಭಯ ಬುದ್ಧಿಗಿಂತ ಜೋರಾಗಿತ್ತು.

ವಾಂತಿ ವಿಷಯದಲ್ಲಿ ಮೋಸ ಇಲ್ಲ. ಹಡಗು ತೊಟ್ಟಿಲಾದರೂ ಹೊಟ್ಟೆ ತೊಳಸಲಿಲ್ಲ. ಆದರೆ ಬಾಯಿ ಒಣಗಿತು ನೋಡಿ! ಅವಲಕ್ಕಿ ಗಂಟಲಿಗೆ ಸಿಕ್ಕಿಹಾಕಿಕೊಂಡ ಹಾಗೆ. ರಾತ್ರಿ ಮೂರು ಸಲ ಎದ್ದು ನೀರು ಕುಡಿದೆ.

ಎರಡನೇ ದಿನ ಬೆಳಿಗ್ಗೆ ತಲೆ ಬಾಚುವಾಗ ಪ್ಯಾಚಿನ ಅಂಚು ಎದ್ದಿತ್ತು. ಬೆರಳಿಂದ ಒತ್ತಿ ಸರಿಮಾಡಿದೆ. ಆಮೇಲೆ ಕೈ ತೊಳೆಯದೆ ಬಲಗಣ್ಣು ಉಜ್ಜಿಕೊಂಡೆ. ಎಲ್ಲರೂ ಬೆಳಿಗ್ಗೆ ಕಣ್ಣು ಉಜ್ಜುತ್ತಾರಲ್ಲ, ಹಾಗೆ. ಸ್ವಲ್ಪ ಹೊತ್ತಿನ ಮೇಲೆ ತಿಂಡಿಗೆ ಕೂತಾಗ ಮೆನು ಕಾರ್ಡಿನ ಅಕ್ಷರ ಕಾಣಿಸುತ್ತಿಲ್ಲ. ಕನ್ನಡಕ ಒರೆಸಿದೆ. ಮತ್ತೆ ಒರೆಸಿದೆ. ಕಿಟಕಿಯ ಬೆಳಕು ಬಲಗಣ್ಣಿಗೆ ಚುಚ್ಚುತ್ತಿದೆ.

ಎದುರಿಗೆ ಕೂತ ಅಕ್ಕ ಫೋರ್ಕ್ ಕೆಳಗಿಟ್ಟು "ಏನೇ ಇದು ನಿನ್ನ ಕಣ್ಣು?" ಅಂದಳು. ಬಚ್ಚಲಿಗೆ ಓಡಿ ಕನ್ನಡಿ ನೋಡಿದರೆ ಎಡಗಣ್ಣಿನ ಪಾಪೆ ಸಾಸಿವೆ ಕಾಳಷ್ಟಿದೆ, ಬಲಗಣ್ಣಿನದು ಕರೀ ಗುಂಡಿ. ಕಂದು ಬಣ್ಣ ಉಂಗುರದ ಹಾಗೆ ಅಂಚಿನಲ್ಲಿ ಮಾತ್ರ. ಒಂದು ಕಣ್ಣು ನನ್ನದು, ಇನ್ನೊಂದು ಬೆಕ್ಕಿನದು. ಯಜಮಾನರಿಗೆ ಲಕ್ವದ ಭಯ. ಎರಡೂ ಕೈ ಮೇಲೆತ್ತು ಅಂದರು, ಎತ್ತಿದೆ. ನಗು ಅಂದರು. ನಗು ಎಲ್ಲಿಂದ ಬರಬೇಕು?

ಹಡಗಿನ ಆಸ್ಪತ್ರೆ ಕೆಳಗಿನ ಮಹಡಿಯಲ್ಲಿ. ಡಾಕ್ಟರು ಕಣ್ಣಿಗೆ ಟಾರ್ಚು ಬಿಡುವ ಮೊದಲೇ ನನ್ನ ಕಿವಿ ಮಡಚಿ ಹಿಂದೆ ನೋಡಿದರು. ಅವರಿಗೆ ಇದು ದಿನದ ಕೆಲಸ ಇರಬೇಕು. ಬೆರಳಿಗೆ ಅಂಟಿದ ಚೂರು ಮದ್ದು ಕಣ್ಣಿಗೆ ಹೋದರೆ ಪಾಪೆ ಹಿಗ್ಗುತ್ತದೆ, ತಾನಾಗಿಯೇ ಸರಿಹೋಗುತ್ತದೆ ಅಂದರು. ಕೈಕಾಲು, ಮಾತು ಎಲ್ಲ ನೋಡಿ ಲಕ್ವ ಅಲ್ಲ ಅಂತ ಖಚಿತ ಮಾಡಿಕೊಂಡು, ಪ್ಯಾಚ್ ಕಿತ್ತು, ಸೋಪಿನಲ್ಲಿ ಕೈ ತೊಳೆಸಿ ಕಳಿಸಿದರು. ಆಮೇಲೆ ಬಿಲ್ಲು ಬಂತು. ಅದನ್ನು ನೋಡಿದ ಮೇಲೆ ಎಡಗಣ್ಣೂ ಅಗಲವಾಯಿತು.

ಮಾರನೇ ದಿನ ಅಲಾಸ್ಕಾದ ಜೂನೋ ಊರು. ಅಲ್ಲಿನ ಮೆಂಡೆನ್‌ಹಾಲ್ ಹಿಮನದಿ ನೋಡಲಿಕ್ಕೇ ಅಷ್ಟು ದೂರ ಹೋಗಿದ್ದು. ಹಿಮದ ಹೊಳಪಿಗೆ ಕಣ್ಣು ಬಿಡಲಾಗದೆ, ನನ್ನ ಕನ್ನಡಕದ ಮೇಲೆ ಭಾವನ ಕಪ್ಪು ಕನ್ನಡಕ ಏರಿಸಿಕೊಂಡು ನೋಡಿದೆ. ಫೋಟೋದಲ್ಲಿ ಕಣ್ಣಿನ ಆಪರೇಷನ್ ಮಾಡಿಸಿಕೊಂಡವಳ ಹಾಗೆ ನಿಂತಿದ್ದೇನೆ. ಪಾಪೆ ಮೊದಲಿನಂತಾಗಲು ಎರಡು ದಿನ ಹಿಡಿಯಿತು.

ಊರಿಗೆ ಬಂದು ನಮ್ಮ ಮನೆ ಡಾಕ್ಟರಿಗೆ ಹೇಳಿದರೆ ನಕ್ಕರು. ಸ್ಕೋಪೊಲಮಿನ್ ಅಂದರೆ ನಮ್ಮ ಉಮ್ಮತ್ತಿ ಗಿಡದಲ್ಲೂ ಇರುವ ಅಂಶವಂತೆ. ಶಿವನಿಗೆ ಏರಿಸುವ ಬಿಳಿ ಹೂವು. ಚಿಕ್ಕವರಿದ್ದಾಗ "ಅದನ್ನು ಮುಟ್ಟಿ ಕಣ್ಣು ಮುಟ್ಟಬೇಡ" ಅಂತ ಅಜ್ಜಿ ಸಾವಿರ ಸಲ ಹೇಳಿದ್ದಳು. ಅಮೆರಿಕದ ಪ್ಯಾಚಿಗೆ ಅಜ್ಜಿಯ ಮಾತು ಅನ್ವಯಿಸುತ್ತೆ ಅಂತ ಯಾರಿಗೆ ಗೊತ್ತಿತ್ತು?

ಅಲಾಸ್ಕಾದಿಂದ ಅದೇ ಹಡಗಿನಲ್ಲಿ ವಾಪಸು ಬರುವಾಗ, ಹಡಗಿನ ಡಾಕ್ಟರು ಕೊಟ್ಟ ಮೆಕ್ಲಿಜಿನ್ ಅನ್ನುವ ಪ್ರಯಾಣದ ಮಾತ್ರೆ ತೆಗೆದುಕೊಂಡೆ. ಚೆನ್ನಾಗಿದೆ. ಊಟದ ಹುಡುಗ ತಂದುಕೊಟ್ಟ ಹಸಿರು ಸೇಬೂ ಚೆನ್ನಾಗಿತ್ತು.

ಕೊನೆಗೆ 2025ರ ಫೆಬ್ರವರಿಯಲ್ಲಿ ಲಕ್ಷದ್ವೀಪ. ಕೊಚ್ಚಿಯಿಂದ ಹಡಗು. ಕವರತ್ತಿ, ಕಲ್ಪೇನಿ, ಮಿನಿಕಾಯ್ ಮೂರೂ ತೋರಿಸುತ್ತಾರೆ. ಹಗಲು ದ್ವೀಪದಲ್ಲಿ, ರಾತ್ರಿ ಹಡಗಿನಲ್ಲಿ. ಈ ಕ್ರಮ ನೋಡಿದಾಗಲೇ ನನಗೆ ಅವೊಮಿನ್ ನೆನಪಾಯಿತು. ನಿದ್ದೆ ಬರಿಸುವುದೇ ಅದರ ದೋಷವಾದರೆ, ರಾತ್ರಿ ಹೊತ್ತು ಅದು ದೋಷ ಹೇಗಾಗುತ್ತದೆ? ನಾನು ಹೇಗೂ ಒಂಬತ್ತೂವರೆಗೆ ಮಲಗುವವಳು. ಡೆಕ್ಕಿನಲ್ಲಿ ಹರಟೆ, ಇಸ್ಪೀಟು ಎಲ್ಲ ಯಜಮಾನರ ಖಾತೆ.

ಈ ಸಲ ಅಂಗಡಿಯಲ್ಲಿ "ವಾಂತಿ ಮಾತ್ರೆ" ಅನ್ನಲಿಲ್ಲ. ಡಾಕ್ಟರ ಹತ್ತಿರ ಚೀಟಿ ಬರೆಸಿಕೊಂಡು ಹೋಗಿ, ಪ್ರಯಾಣದ ಮಾತ್ರೆ, ಅವೊಮಿನ್, 25 ಮಿಲಿಗ್ರಾಂ ಅಂದೆ. ಅದರೊಳಗಿನ ಮದ್ದಿನ ಹೆಸರು ಪ್ರೊಮೆಥಾಜಿನ್, ಹಾಗಂತಲೂ ಹೇಳಬಹುದು. ಒಂದೇ ನಿಮಿಷದಲ್ಲಿ ಸಿಕ್ಕಿತು. ಹತ್ತು ಮಾತ್ರೆಗೆ ಕೊಟ್ಟ ದುಡ್ಡು ಸಿಯಾಟಲ್‌ನಲ್ಲಿ ಒಂದು ಕಾಫಿಗೂ ಸಾಲದು. ಆ ಪ್ಯಾಚಿನ ಬೆಲೆ ಅಕ್ಕ ಹೇಳಿದಾಗ ನಾನು ಬೆರಳು ಮಡಚಿ ಗುಣಿಸುವುದನ್ನೇ ನಿಲ್ಲಿಸಿದ್ದೆ.

ಹಡಗು ಹತ್ತುವ ಹಿಂದಿನ ರಾತ್ರಿ ಕೊಚ್ಚಿಯ ಲಾಡ್ಜಿನಲ್ಲಿ ಒಂದು. ಆಮೇಲೆ ಹಡಗಿನಲ್ಲಿ ದಿನಾ ಮಲಗುವಾಗ ಒಂದು. ಅಷ್ಟೇ. ಅರಬ್ಬೀ ಸಮುದ್ರ ಎರಡನೇ ರಾತ್ರಿ ಸ್ವಲ್ಪ ಸಿಟ್ಟು ಮಾಡಿತಂತೆ. ಪಕ್ಕದ ಕ್ಯಾಬಿನ್ನಿನವರು ಬೆಳಿಗ್ಗೆ ಮುಖ ಬಾಡಿಸಿಕೊಂಡು ಹೇಳಿದರು. ನನಗೆ ಗೊತ್ತೇ ಆಗಲಿಲ್ಲ.

ತೊಂದರೆ ಇಲ್ಲವೇ ಇಲ್ಲ ಅನ್ನುವುದಿಲ್ಲ. ಬೆಳಿಗ್ಗೆ ಒಂಬತ್ತರವರೆಗೆ ತಲೆಯೊಳಗೆ ಹತ್ತಿ ತುಂಬಿದ ಹಾಗೆ. ಬಾಯಿ ಇಲ್ಲೂ ಒಣಗುತ್ತದೆ, ಪ್ಯಾಚಿನಷ್ಟಲ್ಲ. ಹಡಗು ದ್ವೀಪದ ದಡಕ್ಕೆ ಹೋಗುವುದಿಲ್ಲ, ಹೊರಗೆ ನಿಲ್ಲುತ್ತದೆ. ಅಲ್ಲಿಂದ ಸಣ್ಣ ದೋಣಿಗೆ ದಾಟಬೇಕು. ದೋಣಿ ಮೇಲೆ ಕೆಳಗೆ ಕುಣಿಯುತ್ತಿರುತ್ತದೆ, ನಾವು ಸರಿಯಾದ ಹೊತ್ತಿಗೆ ಕಾಲಿಡಬೇಕು. ಅರೆನಿದ್ದೆಯಲ್ಲಿ ಅದು ಹುಡುಗಾಟ ಅಲ್ಲ. ಹುಡುಗರಿಬ್ಬರು ನನ್ನ ಎರಡೂ ತೋಳು ಹಿಡಿದು ಅಕ್ಕಿ ಮೂಟೆಯ ಹಾಗೆ ಇಳಿಸಿಕೊಂಡರು. ಎರಡನೇ ದಿನದಿಂದ ಮಾತ್ರೆಯನ್ನು ಎಂಟೂವರೆಗೇ ನುಂಗಿದೆ, ಬೆಳಿಗ್ಗೆ ತಲೆ ಹಗುರವಾಯಿತು. ಮಿನಿಕಾಯ್‌ನಲ್ಲಿ 1885ರ ದೀಪಸ್ತಂಭವನ್ನು ತುದಿಯವರೆಗೂ ಹತ್ತಿದೆ. ಯಜಮಾನರು ಅರ್ಧಕ್ಕೇ ಕೂತರು.

ಹಾಗಾದರೆ ಸ್ಟುಜೆರಾನ್ ಯಾರಿಗೆ? ಹಗಲು ಹೊತ್ತಿನ ಎರಡು ಮೂರು ಗಂಟೆಯ ದೋಣಿಗೆ, ಎಚ್ಚರವಾಗಿ ಸಮುದ್ರ ನೋಡಬೇಕು ಅನ್ನುವವರಿಗೆ ಅದೇ ಸರಿ. ನಾನೂ ಮತ್ತೆ ಹ್ಯಾವ್‌ಲಾಕಿಗೆ ಹೋದರೆ ಅದನ್ನೇ ತೆಗೆದುಕೊಳ್ಳುತ್ತೇನೆ. ದಿನಗಟ್ಟಲೆ ಹಡಗಾದರೆ ಎಂಟು ಗಂಟೆಗೊಮ್ಮೆ ನೆನಪಿಟ್ಟು ನುಂಗಬೇಕು. ಬಿಪಿ ಮಾತ್ರೆಯನ್ನೇ ಮರೆಯುವ ನನಗೆ ಅದು ಆಗದ ಕೆಲಸ. ವಯಸ್ಸಾದವರು ಅದನ್ನು ತಿಂಗಳುಗಟ್ಟಲೆ ತೆಗೆದುಕೊಂಡರೆ ಕೈ ನಡುಗುವುದುಂಟು ಅಂತಲೂ ಡಾಕ್ಟರು ಎಚ್ಚರಿಸಿದರು.

ವಾಂತಿ ತಡೆಯುತ್ತೆ ಅಂತ ಮಣಿಕಟ್ಟಿಗೆ ಕಟ್ಟುವ ಗುಂಡಿಯ ಪಟ್ಟಿಯನ್ನೂ ಕಟ್ಟಿ ನೋಡಿದೆ. ಕೈ ಮೇಲೆ ಗುರುತು ಬಿತ್ತು. ಶುಂಠಿ ಬೆಲ್ಲ ತಿನ್ನಲು ಚೆನ್ನಾಗಿರುತ್ತದೆ.

ಭಾವನಿಗೆ ಪ್ರಾಸ್ಟೇಟ್ ತೊಂದರೆ ಇದೆ. ಅವರಿಗೆ ಪ್ಯಾಚೂ ಬೇಡ, ಅವೊಮಿನ್ನೂ ಬೇಡ ಅಂತ ಡಾಕ್ಟರು ಅಂದಿದ್ದಾರೆ, ಮೂತ್ರ ಕಟ್ಟಿಕೊಳ್ಳಬಹುದಂತೆ. ಕಣ್ಣಿನ ಒತ್ತಡ, ಅಂದರೆ ಗ್ಲಾಕೋಮಾ ಇರುವವರೂ ಡಾಕ್ಟರನ್ನು ಕೇಳದೆ ಮುಟ್ಟಬಾರದು. ಅವೊಮಿನ್ ನುಂಗಿ ಗಾಡಿ ಓಡಿಸುವುದು, ಗುಂಡು ಹಾಕುವುದು ಎರಡೂ ಕೂಡದು. ಲಕ್ಷದ್ವೀಪದಲ್ಲಿ ಬಂಗಾರಂ ಬಿಟ್ಟರೆ ಬೇರೆ ಕಡೆ ಗುಂಡು ಸಿಗುವುದೂ ಇಲ್ಲ, ಆ ಚಿಂತೆ ಯಜಮಾನರದ್ದು.

ಹತ್ತರಲ್ಲಿ ಇನ್ನೂ ಐದು ಮಾತ್ರೆ ಉಳಿದಿವೆ. ಹೋದ ವಾರ ಆಗುಂಬೆ ಇಳಿಯುವಾಗ ಒಂದು ನುಂಗೋಣ ಅಂತ ಪರ್ಸು ತೆಗೆದೆ. ಆಮೇಲೆ ಕಾರು ಓಡಿಸುತ್ತಿರುವುದು ನಾನೇ ಅಂತ ನೆನಪಾಗಿ ವಾಪಸು ಇಟ್ಟೆ. ಸ್ಟೀರಿಂಗ್ ಹಿಡಿದವಳಿಗೆ ಘಾಟಿಯಲ್ಲಿ ಏನೂ ಆಗಲಿಲ್ಲ. ಹಿಂದಿನ ಸೀಟಿನಲ್ಲಿ ಮೊಬೈಲು ನೋಡುತ್ತಾ ಕೂತಿದ್ದ ಯಜಮಾನರು ಮಾತ್ರ ಸೋಮೇಶ್ವರದಲ್ಲಿ ಗಾಡಿ ನಿಲ್ಲಿಸು ಅಂದರು.