ಚುನಾವಣಾ ಆಯೋಗದ ಅಫಿಡವಿಟ್ ಪೋರ್ಟಲ್: ಸಿಗುವುದು ಸುಲಭ, ಓದುವುದು ಕಷ್ಟ

ಅಭ್ಯರ್ಥಿಗಳ ಆಸ್ತಿ, ಸಾಲ, ಕ್ರಿಮಿನಲ್ ಕೇಸುಗಳ ವಿವರ ಇರುವ ಅಫಿಡವಿಟ್, ಅಂದರೆ ನಮೂನೆ 26ರ ಪ್ರಮಾಣಪತ್ರ, ಇಲ್ಲಿ ಸಿಗುತ್ತದೆ. ದುಡ್ಡು ಕೊಡಬೇಕಿಲ್ಲ, ಲಾಗಿನ್ ಬೇಡ. ಯಾರೂ ತಾವಾಗಿ ಕೊಟ್ಟ ಸೌಲಭ್ಯವೇನಲ್ಲ ಇದು. 2002 ಮತ್ತು 2003ರಲ್ಲಿ ಸುಪ್ರೀಂ ಕೋರ್ಟ್ ಪಟ್ಟು ಹಿಡಿದಿದ್ದರಿಂದ ಬಂದದ್ದು.

ಮೊದಲ ಗೊಂದಲ ಕ್ಷೇತ್ರ ಆರಿಸುವಲ್ಲೇ. ಕಡೂರು ಚಿಕ್ಕಮಗಳೂರು ಜಿಲ್ಲೆಯದಾದರೂ ಲೋಕಸಭೆಗೆ ಹಾಸನಕ್ಕೆ ಸೇರುತ್ತದೆ. ಶೃಂಗೇರಿ, ಮೂಡಿಗೆರೆ, ತರೀಕೆರೆಯವರು ಉಡುಪಿ ಚಿಕ್ಕಮಗಳೂರು ಆರಿಸಬೇಕು. ಇಂಗ್ಲಿಷ್ ಪಟ್ಟಿಯಲ್ಲಿ ಅದು ‘ಯು’ ಅಕ್ಷರದಲ್ಲಿದೆ. ಒಬ್ಬರು ನಾಲ್ಕು ಸೆಟ್‌ವರೆಗೆ ನಾಮಪತ್ರ ಹಾಕಬಹುದು, ಹಾಗಾಗಿ ಒಂದೇ ಹೆಸರು ಮತ್ತೆ ಮತ್ತೆ ಬಂದರೆ ಗಾಬರಿ ಬೇಡ. ಎಲ್ಲವನ್ನೂ ಇಳಿಸಿಕೊಂಡು ಹೋಲಿಸಿ.

ಪಿಡಿಎಫ್‌ಗಳು ಬಹುಪಾಲು ಸ್ಕ್ಯಾನ್ ಮಾಡಿದ ಹಾಳೆಗಳು. ಪದ ಹುಡುಕಲು ಆಗುವುದಿಲ್ಲ, ನೋಟರಿ ಮೊಹರು ಅಂಕಿಗಳ ಮೇಲೇ ಬಿದ್ದಿರುತ್ತದೆ. ಪೋರ್ಟಲ್‌ನ ದೊಡ್ಡ ಕೊರತೆ ಇದೇ. ನಮೂನೆಯ ಭಾಗ ‘ಬಿ’ ಬರೀ ಸಾರಾಂಶ, ಅದನ್ನಷ್ಟೇ ನೋಡಿ ಮುಚ್ಚಬೇಡಿ. ಸರಕು ಇರುವುದು ಭಾಗ ‘ಎ’ಯ 7ನೇ ಕಲಮಿನಲ್ಲಿ. ಕೃಷಿ ಜಮೀನಿನ ಸರ್ವೆ ನಂಬರ್, ವಿಸ್ತೀರ್ಣ, ಪಿತ್ರಾರ್ಜಿತವೋ ಖರೀದಿಯೋ ಎಲ್ಲ ಅಲ್ಲಿರುತ್ತದೆ. ಆ ಸರ್ವೆ ನಂಬರನ್ನು ರಾಜ್ಯದ ಭೂ ದಾಖಲೆಗಳ ಜಾಲತಾಣ ‘ಭೂಮಿ’ಯಲ್ಲಿ ಹಾಕಿ ಪಹಣಿ ತೆಗೆದರೆ ಮಾಲೀಕರ ಹೆಸರು, ಎಕರೆ ಗುಂಟೆ ತಾಳೆಯಾಗುತ್ತದೋ ಇಲ್ಲವೋ ಗೊತ್ತಾಗುತ್ತದೆ. ಮಾರುಕಟ್ಟೆ ಬೆಲೆ ಮಾತ್ರ ಅಭ್ಯರ್ಥಿ ಹೇಳಿಕೊಂಡದ್ದು. ಕಾಫಿ ತೋಟದ ಬೆಲೆಯನ್ನು ಅದರಿಂದ ಅಳೆಯಲು ಹೋಗಬೇಡಿ. ಹೆಂಡತಿ ಅಥವಾ ಗಂಡ, ಅವಿಭಕ್ತ ಕುಟುಂಬ, ಅವಲಂಬಿತರ ಕಾಲಂಗಳನ್ನೂ ಓದಿ. ‘ಇಲ್ಲ’ ಎಂದು ಬರೆಯುವುದು ಬೇರೆ, ಖಾಲಿ ಬಿಡುವುದು ಬೇರೆ. ಖಾಲಿ ಬಿಡುವಂತಿಲ್ಲ ಎಂದು 2013ರಲ್ಲೇ ತೀರ್ಪಾಗಿದೆ.

ಗೆದ್ದವರ ಅಫಿಡವಿಟ್ಟಿನಲ್ಲಿ ಸುಳ್ಳು ಸಿಕ್ಕರೆ ಆ ಕ್ಷೇತ್ರದ ಮತದಾರರೂ ಹೈಕೋರ್ಟಿನಲ್ಲಿ ಚುನಾವಣಾ ತಕರಾರು ಅರ್ಜಿ ಹಾಕಬಹುದು. ಫಲಿತಾಂಶ ಘೋಷಣೆಯಾದ ದಿನದಿಂದ 45 ದಿನ ಗಡುವು, ಜೊತೆಗೆ 2,000 ರೂಪಾಯಿ ಠೇವಣಿ. ತಡವಾದರೆ ವಿನಾಯಿತಿ ಇಲ್ಲ, ಠೇವಣಿ ಬಿಟ್ಟುಹೋದರೆ ಅರ್ಜಿಯೇ ವಜಾ. ಭ್ರಷ್ಟ ನಡವಳಿಕೆಯ ಆರೋಪವಿದ್ದರೆ ನಮೂನೆ 25ರ ಪ್ರಮಾಣಪತ್ರವೂ ಬೇಕು.

ಇಂಥ ಅರ್ಜಿಯ ವಿಚಾರಣೆಯನ್ನು ಆರು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕು ಎನ್ನುತ್ತದೆ ಕಾಯ್ದೆ. ಆದರೆ ಹಾಸನದ 2019ರ ಲೋಕಸಭಾ ಫಲಿತಾಂಶವನ್ನು ಹೈಕೋರ್ಟ್ ಅಸಿಂಧುಗೊಳಿಸಿದ್ದು 2023ರ ಸೆಪ್ಟೆಂಬರ್ 1ರಂದು. ಅದೇ ತಿಂಗಳು ಸುಪ್ರೀಂ ಕೋರ್ಟಿನಿಂದ ತಡೆಯೂ ಬಂತು. ಅಷ್ಟರಲ್ಲಿ ಸಂಸದರ ಅವಧಿ ಬಹುತೇಕ ಮುಗಿದಿತ್ತು.

ಇನ್ನೊಂದು ಮಾತು. ಪ್ರತಿಯೊಂದು ಚರಾಸ್ತಿಯನ್ನೂ ಬರೆಯಬೇಕಿಲ್ಲ ಎಂದು 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬಟ್ಟೆ, ಚಪ್ಪಲಿ, ಪಾತ್ರೆ ಬಿಟ್ಟಿದ್ದಾರೆಂದು ವಕೀಲರ ಬಳಿ ಓಡಬೇಡಿ. ಲಕ್ಷಗಟ್ಟಲೆ ಬೆಲೆಯ ವಾಚುಗಳಾದರೆ ಆ ಲೆಕ್ಕವೇ ಬೇರೆ.