ಪಿಯುಸಿ ವಯಸ್ಸಿನಲ್ಲೇ ಪದವಿ: ಸಿಯಾಟಲ್‌ನ ಯುಡಬ್ಲ್ಯೂ ಅಕಾಡೆಮಿಗೆ ಅರ್ಜಿ ಹಾಕುವವರಿಗೆ ಒಂದು ವಿಮರ್ಶೆ

ಅಮೆರಿಕದ ಸಿಯಾಟಲ್ ನಗರದಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯವು ಹತ್ತನೇ ತರಗತಿಯಲ್ಲಿ ಓದುತ್ತಿರುವ ಮಕ್ಕಳಿಂದ ಅರ್ಜಿ ಪಡೆದು, ಆಯ್ಕೆಯಾದವರನ್ನು ಹನ್ನೊಂದು ಮತ್ತು ಹನ್ನೆರಡನೇ ತರಗತಿಗಳ ಹಂಗಿಲ್ಲದೆ ನೇರವಾಗಿ ಪದವಿಗೆ ಸೇರಿಸಿಕೊಳ್ಳುತ್ತದೆ. ‘ಯುಡಬ್ಲ್ಯೂ ಅಕಾಡೆಮಿ’ ಎಂಬ ಈ ವ್ಯವಸ್ಥೆಯನ್ನು ನಮ್ಮ ಕಡೆಯ ಲೆಕ್ಕದಲ್ಲಿ ಹೇಳುವುದಾದರೆ, ಎಸ್ಸೆಸ್ಸೆಲ್ಸಿ ಮುಗಿಸಿದವರು ಪಿಯುಸಿ ಓದದೆಯೇ ಡಿಗ್ರಿ ಕಾಲೇಜಿಗೆ ಕಾಲಿಟ್ಟಂತೆ. ವರ್ಷಕ್ಕೆ ಹೆಚ್ಚುಕಡಿಮೆ 35 ಮಕ್ಕಳ ಒಂದೇ ತಂಡವಾದ್ದರಿಂದ ಪೈಪೋಟಿ ಸಹಜವಾಗಿಯೇ ಬಿರುಸಾಗಿದೆ. ಸಿಯಾಟಲ್ ಸುತ್ತಲಿನ ರೆಡ್ಮಂಡ್, ಬೆಲ್‌ವ್ಯೂ, ಬಾಥೆಲ್ ಊರುಗಳಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ ಮಕ್ಕಳು ಒಂಬತ್ತನೇ ತರಗತಿಗೆ ಬರುತ್ತಿದ್ದಂತೆ ಇದರ ವಿಚಾರ ಕೇಳಿಬರುತ್ತದೆ. ನಮ್ಮ ಮಗಳು ಈ ದಾರಿಯಲ್ಲಿ ಓದಿದವಳಾದ್ದರಿಂದ, ಪೋಷಕಿಯಾಗಿ ನಾನು ಕಂಡದ್ದನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಎರಡು ವರ್ಷ ಉಳಿಯುತ್ತದೆ ಎಂಬ ಒಂದೇ ಕಾರಣಕ್ಕೆ ಅರ್ಜಿ ಹಾಕುವುದು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಶಾಲೆಯ ಪಾಠ ಸಾಲದೆ ಮಗು ತಾನಾಗಿಯೇ ಮುಂದೆ ಓದುತ್ತಿದ್ದರೆ, ಮತ್ತು ಅದೇ ಹಂಬಲವಿರುವ ಸಹಪಾಠಿಗಳು ಸುತ್ತ ಇಲ್ಲದೆ ಸೊರಗುತ್ತಿದ್ದರೆ, ಇದಕ್ಕಿಂತ ಒಳ್ಳೆಯ ಜಾಗ ನಾನು ಕಂಡಿಲ್ಲ.

ಅಕಾಡೆಮಿಯನ್ನು ನಡೆಸುವುದು ವಿಶ್ವವಿದ್ಯಾಲಯದ ರಾಬಿನ್ಸನ್ ಕೇಂದ್ರ. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಹಾಲ್ಬರ್ಟ್ ರಾಬಿನ್ಸನ್ ಅವರು 1970ರ ದಶಕದಲ್ಲಿ ಇನ್ನೂ ಚಿಕ್ಕ ಮಕ್ಕಳಿಗಾಗಿ ಇಂಥ ಪ್ರವೇಶಕ್ಕೆ ದಾರಿ ಮಾಡಿದರು; ಅವರ ನಿಧನದ ನಂತರ ಪತ್ನಿ ನ್ಯಾನ್ಸಿ ರಾಬಿನ್ಸನ್ ಅದನ್ನು ದೀರ್ಘಕಾಲ ಮುನ್ನಡೆಸಿದರು. ಮಗುವನ್ನು ವಯಸ್ಸಿಗೆ ತಕ್ಕ ತರಗತಿಯಲ್ಲಿ ಕೂರಿಸುವ ಬದಲು ಅದರ ಸಿದ್ಧತೆಗೆ ತಕ್ಕ ಪಾಠ ಒದಗಿಸಬೇಕು ಎಂಬುದು ಅವರಿಬ್ಬರ ನಿಲುವಾಗಿತ್ತು. ಹತ್ತನೇ ತರಗತಿಯವರಿಗೆ ಮೀಸಲಾದ ಅಕಾಡೆಮಿ 2001ರಲ್ಲಿ, ವಿಶ್ವವಿದ್ಯಾಲಯದ ಆನರ್ಸ್ ವಿಭಾಗದ ಸಹಯೋಗದಲ್ಲಿ ಆರಂಭವಾಯಿತು.

ಸೇರಿದ ಮೇಲೆ ಸಿಗುವ ಸೌಲಭ್ಯಗಳಲ್ಲಿ ನಾನು ಅತ್ಯಂತ ಹೆಚ್ಚಿನ ಬೆಲೆ ಕೊಡುವುದು ಆ ತಂಡಕ್ಕೆ. ಸಾವಿರಾರು ವಿದ್ಯಾರ್ಥಿಗಳು ಓಡಾಡುವ ಕ್ಯಾಂಪಸ್ಸಿನಲ್ಲಿ ಹದಿನಾರರ ಹುಡುಗಿಗೆ ಎಲ್ಲಿ ಕೂರಬೇಕು, ಯಾರೊಡನೆ ಊಟ ಮಾಡಬೇಕು ಎಂಬುದೇ ಮೊದಲ ವಾರಗಳ ದೊಡ್ಡ ಪ್ರಶ್ನೆ. ಕೇಂದ್ರದಲ್ಲಿ ಈ ಮಕ್ಕಳಿಗೆಂದೇ ಒಂದು ಕೋಣೆಯಿದೆ. ಹಳೆಯ ಸೋಫಾಗಳು, ಬಿಳಿಹಲಗೆಯ ಮೇಲೆ ಯಾರೋ ಅರ್ಧಕ್ಕೆ ಬಿಟ್ಟ ಲೆಕ್ಕ, ಮೈಕ್ರೋವೇವಿನ ಮುಂದೆ ಡಬ್ಬಿ ಹಿಡಿದು ಕಾಯುವ ಸಾಲು. ನಮ್ಮ ಮಗಳು ಚಿತ್ರಾನ್ನ ಬಿಸಿ ಮಾಡಿಕೊಳ್ಳುತ್ತ ನಿಂತಿದ್ದಾಗ ಪಕ್ಕದ ಹುಡುಗ ಆ ಹಲಗೆಯ ಲೆಕ್ಕದಲ್ಲಿ ತಪ್ಪು ಎಲ್ಲಿದೆ ಎಂದು ಕೇಳಿದನಂತೆ. ಅವಳ ಮೊದಲ ಗೆಳೆತನ ಬೆಳೆದದ್ದು ಹಾಗೆ. ಇದರ ಜೊತೆಗೆ ಈ ಮಕ್ಕಳನ್ನು ಹೆಸರು ಹಿಡಿದು ಬಲ್ಲ ಸಲಹೆಗಾರರಿದ್ದಾರೆ. ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಇದು ಸಣ್ಣ ಸಂಗತಿಯಲ್ಲ.

ಓದಿನ ವೇಗವನ್ನು ಮಾತ್ರ ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಇಲ್ಲಿ ಸೆಮಿಸ್ಟರ್ ಇಲ್ಲ. ಸುಮಾರು ಹತ್ತು ವಾರಗಳ ಕ್ವಾರ್ಟರ್. ಪಠ್ಯಪುಸ್ತಕ ಕೊಳ್ಳುವಷ್ಟರಲ್ಲಿ ಮೊದಲ ಮಿಡ್‌ಟರ್ಮ್ ಎದುರಿಗೆ ಬಂದಿರುತ್ತದೆ. ಶಾಲೆಯಲ್ಲಿ ಸದಾ ಮೊದಲ ಸ್ಥಾನದಲ್ಲಿದ್ದ ಮಗುವಿಗೆ 4.0ರ ಮಾಪಕದಲ್ಲಿ 3.1 ಬಂದ ದಿನ ಮನೆಯವರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದನ್ನು ಅರ್ಜಿಗೆ ಮೊದಲೇ ಯೋಚಿಸಿಕೊಳ್ಳಬೇಕು.

ಇನ್ನು ಅರ್ಜಿಯ ವಿಚಾರ. ಅಂಕಪಟ್ಟಿ, ಶಿಕ್ಷಕರ ಶಿಫಾರಸು ಪತ್ರ, ಪ್ರಬಂಧಗಳು ಇದರ ತಿರುಳು. ಪ್ರವೇಶ ಪರೀಕ್ಷೆಯ ಅಂಕಗಳ ನಿಯಮ ಕಾಲಕಾಲಕ್ಕೆ ಬದಲಾಗಿರುವುದರಿಂದ ಹಿರಿಯ ವಿದ್ಯಾರ್ಥಿಗಳ ಮಾತನ್ನು ನಂಬದೆ ಆಯಾ ವರ್ಷದ ಸೂಚನೆಯನ್ನೇ ಓದಬೇಕು. ಅರ್ಜಿ ಹಾಕುವ ಬಹುತೇಕರ ಅಂಕಗಳು ಚೆನ್ನಾಗಿಯೇ ಇರುತ್ತವೆ. ಹಾಗಾಗಿ ಒಬ್ಬರನ್ನು ಇನ್ನೊಬ್ಬರಿಂದ ಬೇರ್ಪಡಿಸುವುದು ಪ್ರಬಂಧ, ಮತ್ತು ಅದನ್ನೇ ನಮ್ಮ ಮನೆಗಳಲ್ಲಿ ಕೊನೆಯ ವಾರಕ್ಕೆ ದೂಡುತ್ತೇವೆ.

ಪ್ರಶಸ್ತಿಗಳ ಪಟ್ಟಿಯನ್ನು ವಾಕ್ಯಗಳಾಗಿ ಜೋಡಿಸಿದರೆ ಅದು ಪ್ರಬಂಧವಾಗುವುದಿಲ್ಲ. ಮಗಳ ಮೊದಲ ಕರಡಿನಲ್ಲಿ ಗಣಿತ ಒಲಿಂಪಿಯಾಡ್, ಭರತನಾಟ್ಯ, ಸ್ವಯಂಸೇವೆ ಎಲ್ಲವೂ ಇದ್ದವು, ಅವಳೇ ಇರಲಿಲ್ಲ. ಅದನ್ನು ಬದಿಗಿಟ್ಟು ಅವಳು ರೆಡ್ಮಂಡಿನ ಬೇರ್ ಕ್ರೀಕ್ ಹೊಳೆಯಲ್ಲಿ ಶರತ್ಕಾಲದಲ್ಲಿ ಮೊಟ್ಟೆಯಿಡಲು ಮರಳುವ ಸಾಲ್ಮನ್ ಮೀನುಗಳನ್ನು ಎಣಿಸಿದ ಬಗ್ಗೆ ಬರೆದಳು. ಒಂದು ವಾರ ಮಳೆ ಸುರಿದು ನೀರು ಕೆಂಪಾಗಿ, ಏನೂ ಕಾಣಿಸಲಿಲ್ಲ. ಆ ದಿನದ ಅಂಕಣದಲ್ಲಿ ಸೊನ್ನೆ ಬರೆಯಬೇಕೇ, ಖಾಲಿ ಬಿಡಬೇಕೇ? ಸೊನ್ನೆ ಎಂದರೆ ಮೀನು ಇರಲಿಲ್ಲ ಎಂದು ಅರ್ಥ. ಖಾಲಿ ಎಂದರೆ ನೋಡಲಾಗಲಿಲ್ಲ ಎಂದು. ಹಳೆಯ ಪಟ್ಟಿಗಳಲ್ಲಿರುವ ಸೊನ್ನೆಗಳು ಯಾವ ಬಗೆಯವು ಎಂಬ ಅನುಮಾನ ಅಲ್ಲಿಂದ ಹುಟ್ಟಿತು. ಅದನ್ನು ಮಳೆಯ ದಾಖಲೆಯೊಡನೆ ಹೋಲಿಸಿ ನೋಡಿದ ಕಥೆಯೇ ಅವಳ ಪ್ರಬಂಧವಾಯಿತು. ಈ ವಯಸ್ಸಿನವರಿಂದ ದೊಡ್ಡ ಸಾಧನೆಗಿಂತ ಇಂಥ ಯೋಚನೆಯ ನಡೆ ಬೇಕಾಗಿರುತ್ತದೆ ಎಂಬುದು ನನ್ನ ನಂಬಿಕೆ. ಹೆತ್ತವರು ತಿದ್ದುವುದಾದರೆ ಕಾಗುಣಿತದಷ್ಟಕ್ಕೇ ನಿಲ್ಲುವುದು ಲೇಸು; ನಲವತ್ತೈದರ ಇಂಜಿನಿಯರ್ ಬರೆದ ವಾಕ್ಯ ಹದಿನೈದರ ಮಗುವಿನ ಪ್ರಬಂಧದಲ್ಲಿ ಎದ್ದು ಕಾಣುತ್ತದೆ.

ಶಿಫಾರಸು ಪತ್ರಕ್ಕೆ ಅತಿ ಹೆಚ್ಚು ಅಂಕ ಕೊಟ್ಟ ಶಿಕ್ಷಕರಿಗಿಂತ, ಮಗು ತರಗತಿಯಲ್ಲಿ ಪ್ರಶ್ನೆ ಕೇಳಿದ್ದನ್ನೂ ತನ್ನ ಅಭಿಪ್ರಾಯ ಬದಲಿಸಿಕೊಂಡದ್ದನ್ನೂ ಕಂಡ ಶಿಕ್ಷಕರನ್ನು ಕೇಳಬೇಕು. ಗಣಿತ–ವಿಜ್ಞಾನದ ಮಕ್ಕಳು ಇಂಗ್ಲಿಷ್ ಅಥವಾ ಇತಿಹಾಸದ ಮೇಷ್ಟರನ್ನು ಮರೆಯಬಾರದು, ಏಕೆಂದರೆ ಮೊದಲ ವರ್ಷದಲ್ಲೇ ಬರವಣಿಗೆಯ ಭಾರ ಬೀಳುತ್ತದೆ. ಚಳಿಗಾಲದ ರಜೆಗೆ ಮೊದಲೇ ಕೇಳಿಕೊಂಡರೆ ಅವರಿಗೂ ಪುರಸೊತ್ತು ಸಿಗುತ್ತದೆ.

ಈ ನಿರ್ಧಾರ ಯಾರದು ಎಂಬುದನ್ನು ಮನೆಯೊಳಗೇ ಪ್ರಾಮಾಣಿಕವಾಗಿ ಮಾತನಾಡಿಕೊಳ್ಳುವುದು ಇವೆಲ್ಲಕ್ಕಿಂತ ಮುಖ್ಯ. ಶಾಲೆಯ ವಾದ್ಯವೃಂದ, ಆಟದ ತಂಡ, ಗೆಳೆಯರೊಂದಿಗಿನ ಕೊನೆಯ ಎರಡು ವರ್ಷಗಳನ್ನು ಬಿಟ್ಟು ಬರಬೇಕಾದದ್ದು ಮಗುವೇ. ಮಗುವಿನ ಮನಸ್ಸು ತುಯ್ದಾಡುತ್ತಿದ್ದರೆ ನಾಲ್ಕು ಜನರ ಮುಂದೆ ಹೇಳಿಕೊಳ್ಳಲೆಂದು ಒತ್ತಾಯಿಸಿ ಕಳಿಸುವುದು ಅನ್ಯಾಯ.

ಕೊರತೆಗಳೂ ಇವೆ. ಇಲ್ಲಿನ ವಿದ್ಯಾರ್ಥಿಗಳು ವಿಶ್ವವಿದ್ಯಾಲಯದ ಪೂರ್ಣ ಶುಲ್ಕ ಕಟ್ಟುವವರು. ವಾಷಿಂಗ್ಟನ್ ರಾಜ್ಯದ ನಿವಾಸಿಗಳಿಗೂ ಅದು ವರ್ಷಕ್ಕೆ ಸುಮಾರು 13,000 ಡಾಲರ್ ಆಗುತ್ತದೆ. ಇದೇ ರಾಜ್ಯದ ‘ರನ್ನಿಂಗ್ ಸ್ಟಾರ್ಟ್’ ಯೋಜನೆಯಲ್ಲಾದರೆ ಹನ್ನೊಂದು–ಹನ್ನೆರಡನೇ ತರಗತಿಯವರು ಬೋಧನಾ ಶುಲ್ಕವಿಲ್ಲದೆ ಸಮುದಾಯ ಕಾಲೇಜಿನಲ್ಲಿ ಓದಿ ಕ್ರೆಡಿಟ್ ಗಳಿಸಬಹುದು, ಶಾಲೆಯ ನಂಟನ್ನೂ ಉಳಿಸಿಕೊಳ್ಳಬಹುದು. ಹಣವೇ ಮುಖ್ಯವಾದ ಮನೆಗೆ ನಾನು ಹಿಂಜರಿಕೆಯಿಲ್ಲದೆ ಅದನ್ನೇ ಸೂಚಿಸುತ್ತೇನೆ. ಎರಡನೆಯದಾಗಿ, ಅಕಾಡೆಮಿಯ ಸೀಟು ಎಂದರೆ ಕಂಪ್ಯೂಟರ್ ಸೈನ್ಸ್ ಸೀಟಲ್ಲ. ಆ ವಿಷಯವನ್ನು ಕಲಿಸುವ ಇಲ್ಲಿನ ಪಾಲ್ ಅಲೆನ್ ಸ್ಕೂಲಿನ ಪ್ರವೇಶಕ್ಕೆ ಪ್ರತ್ಯೇಕವಾದ ತೀವ್ರ ಸ್ಪರ್ಧೆಯಿದೆ. ಅದೊಂದನ್ನೇ ಗುರಿಯಾಗಿಟ್ಟುಕೊಂಡವರು ಮಾಹಿತಿ ಸಭೆಯಲ್ಲೇ ಬಿಡಿಸಿ ಕೇಳಬೇಕು, ಮತ್ತು ಸಿಗದಿದ್ದರೆ ಏನು ಓದುವುದು ಎಂಬ ಉತ್ತರವನ್ನೂ ಇಟ್ಟುಕೊಂಡಿರಬೇಕು. ಎಚ್–4 ವೀಸಾದಲ್ಲಿರುವ, ಅಂದರೆ ಹೆತ್ತವರ ಕೆಲಸದ ವೀಸಾವನ್ನು ಅವಲಂಬಿಸಿ 21 ವರ್ಷದವರೆಗೆ ಮಾತ್ರ ಇರಬಹುದಾದ ಮಕ್ಕಳಿಗೆ, ಆ ವಯಸ್ಸು ತುಂಬುವ ಮೊದಲೇ ಪದವಿ ಕೈಗೆ ಬರುವುದು ಅನುಕೂಲವೇ ಹೌದು. ಆದರೆ ಅವಲಂಬಿತ ವೀಸಾದ ಸಮಸ್ಯೆ ಅದರಿಂದ ಬಗೆಹರಿಯುವುದಿಲ್ಲ.

ನಮ್ಮವರು ಸಾಮಾನ್ಯವಾಗಿ ಗಮನಿಸದ ಇನ್ನೊಂದು ಅಂಶ ಡಿಪ್ಲೊಮಾ, ಅಂದರೆ ಇಲ್ಲಿ ಹನ್ನೆರಡನೇ ತರಗತಿಯವರೆಗಿನ ಹೈಸ್ಕೂಲ್ ಮುಗಿಸಿದವರಿಗೆ ಕೊಡುವ ಪ್ರಮಾಣಪತ್ರ. ಅಕಾಡೆಮಿಗೆ ಸೇರುವ ಮಗು ಹೈಸ್ಕೂಲ್ ಮುಗಿಸದೆ ಹೊರಡುವುದರಿಂದ ಶಾಲೆಯ ಡಿಪ್ಲೊಮಾ ತಾನಾಗಿ ಬರುವುದಿಲ್ಲ. ಅಮೆರಿಕದಲ್ಲೇ ಮುಂದೆ ಓದುವವರಿಗೆ ಪದವಿಯ ಮುಂದೆ ಇದು ದೊಡ್ಡ ಅಡ್ಡಿಯಲ್ಲ. ಆದರೆ ಊರಿಗೆ ಮರಳುವ ಯೋಚನೆಯಿದ್ದು, ನೀಟ್ ಬರೆದು ವೈದ್ಯಕೀಯ ಓದುವ ಅಥವಾ ಬೆಂಗಳೂರಿನ ಕಾಲೇಜಿಗೆ ಸೇರುವ ಸಾಧ್ಯತೆಯಿದ್ದರೆ, ಅಲ್ಲಿ ಹನ್ನೆರಡನೇ ತರಗತಿಗೆ ಸಮಾನವಾದ ಪ್ರಮಾಣಪತ್ರವನ್ನು ಕೇಳುತ್ತಾರೆ; ನೀಟ್‌ಗೆ 17 ವರ್ಷ ತುಂಬಿರಬೇಕೆಂಬ ನಿಯಮವೂ ಇದೆ. ಆದ್ದರಿಂದ ಶಾಲೆ ಬಿಡುವ ಮೊದಲೇ, ವಿಶ್ವವಿದ್ಯಾಲಯದ ಕ್ರೆಡಿಟ್‌ಗಳ ಆಧಾರದ ಮೇಲೆ ಮುಂದೆ ಡಿಪ್ಲೊಮಾ ಕೊಡುವಿರಾ ಎಂದು ಶಾಲಾ ಜಿಲ್ಲೆಯ (ಆ ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತದ) ಕಚೇರಿಯನ್ನು ವಿಚಾರಿಸಿ, ಉತ್ತರವನ್ನು ಬರಹದಲ್ಲೇ ಪಡೆದುಕೊಳ್ಳಬೇಕು.