ಎಂಜಿಬಿ ಕಾರಿಗೆ ಹೆರಿಟೇಜ್ ಸಿಲ್: ಕೊಟ್ಟ ದುಡ್ಡಿಗೆ ಮೋಸವಿಲ್ಲ

ಎಂಜಿಬಿ ಎಂಬ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರಿಗೆ, ಒಂದು ಕೊಳ್ಳಬೇಕು ಅಂತ ಆಸೆಪಡುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಪೇಂಟಿಗೆ ಅಂತ ಎತ್ತಿಟ್ಟ ದುಡ್ಡಿನಲ್ಲಿ ಒಂದು ಪಾಲು ತೆಗೆದು ಸಿಲ್‌ಗೆ, ಅಂದರೆ ಬಾಗಿಲ ಕೆಳಗಿನ ತಗಡಿನ ಭಾಗಕ್ಕೆ ಹಾಕಿ. ಸಿಲ್ ತರಿಸುವುದಾದರೆ ಹಳೆಯ ಕಾರುಗಳ ತಗಡು ಮಾಡಿಸಿ ಮಾರುವ ಬ್ರಿಟಿಷ್ ಮೋಟರ್ ಹೆರಿಟೇಜ್‌ನವರದ್ದನ್ನೇ ತರಿಸಿ. ನನ್ನ ಕಾರಿನ ಎಡಗಡೆಗೆ ಅದನ್ನು ಕೂರಿಸಿ, ಬಣ್ಣವನ್ನೂ ಹೊಡೆದು ಮುಗಿಸಿದ್ದೇನೆ. ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.

ಊರಲ್ಲಿ ಈಗ ಎಂಜಿ ಅಂದರೆ ಎಲ್ಲರಿಗೂ ಹೆಕ್ಟರ್ ನೆನಪಾಗುತ್ತದೆ. ಆದರೆ ಇದು ಶುರುವಾದದ್ದು ಆಕ್ಸ್‌ಫರ್ಡ್‌ನ ಮೋರಿಸ್ ಗ್ಯಾರೇಜಸ್ ಎಂಬ ಕಾರಿನ ಅಂಗಡಿಯಿಂದ. ಆಮೇಲೆ ಪಕ್ಕದ ಆಬಿಂಗ್ಡನ್‌ನಲ್ಲಿ ಫ್ಯಾಕ್ಟರಿ ಬಂತು. ಎಂಜಿಬಿ ಅಲ್ಲೇ 1962ರಲ್ಲಿ ಶುರುವಾಗಿ, 1980ರ ಅಕ್ಟೋಬರ್‌ನಲ್ಲಿ ಫ್ಯಾಕ್ಟರಿಗೆ ಬೀಗ ಬೀಳುವವರೆಗೂ ತಯಾರಾಯಿತು. ಒಟ್ಟು ಐದು ಲಕ್ಷಕ್ಕೂ ಜಾಸ್ತಿ ಕಾರು. 1798 ಸಿಸಿ ಎಂಜಿನ್, ಎರಡು ಎಸ್‌ಯು ಕಾರ್ಬುರೇಟರ್. ಬಾನೆಟ್ ಎತ್ತಿದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ, ಕೈಗೂ ಸಿಗುತ್ತದೆ. ವಾರವಿಡೀ ಕಂಪ್ಯೂಟರ್ ಮುಂದೆ ಕೂರುವ ನನ್ನಂಥವರು ಶನಿವಾರ, ಭಾನುವಾರ ಕೈ ಮಸಿ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಸ್ಪೋರ್ಟ್ಸ್ ಕಾರು ಇಲ್ಲ. ನನ್ನದು 1969ರ ರೋಡ್‌ಸ್ಟರ್, ಟಾರ್ಟನ್ ರೆಡ್ ಬಣ್ಣದ್ದು.

ರೋಡ್‌ಸ್ಟರ್ ಅಂದರೆ ಮೇಲೆ ಬಟ್ಟೆಯ ಹುಡ್ ಮಾತ್ರ, ತಗಡಿನ ಚಾವಣಿ ಇಲ್ಲ. ಈ ಕಾರಿಗೆ ಬೇರೆ ಚಾಸಿಯೂ ಇಲ್ಲ. ಬಾಡಿಯೇ ಚಾಸಿ. ಹಾಗಾದರೆ ಮುಂದಿನ ಭಾಗವನ್ನೂ ಹಿಂದಿನ ಭಾಗವನ್ನೂ ಹಿಡಿದುಕೊಂಡಿರುವುದು ಯಾವುದು? ಹೆಚ್ಚಿನ ಪಾಲು ಬಾಗಿಲಿನ ಕೆಳಗೆ ಉದ್ದಕ್ಕೂ ಹೋಗುವ ಟೊಳ್ಳು ಭಾಗ. ಅದೇ ಸಿಲ್. ಹೊರಗಿನಿಂದ ನೋಡಿದರೆ ಒಂದೇ ತಗಡು ಅನಿಸುತ್ತದೆ. ಒಳಗೆ ಹೊರ ಸಿಲ್, ಒಳ ಸಿಲ್, ಅವೆರಡರ ನಡುವೆ ನೆಟ್ಟಗೆ ನಿಂತ ಮೆಂಬ್ರೇನ್ ಎಂಬ ತಗಡು, ಕೆಳಗೆ ಕ್ಯಾಸಲ್ ರೈಲ್. ಕೋಟೆಯ ತೆನೆಯ ಹಾಗೆ ಮಡಿಕೆ ಇರುವುದರಿಂದ ಅದಕ್ಕೆ ಆ ಹೆಸರು. ಈ ನಾಲ್ಕೂ ಸೇರಿದರೇನೇ ಗಟ್ಟಿ. ಒಂದು ಕೊಳೆತರೂ ಉಳಿದದ್ದಕ್ಕೆ ಬಲವಿಲ್ಲ.

ಕೊಳೆಯುವುದು ಒಳಗಿನಿಂದ. ಮುಂದಿನ ಚಕ್ರ ಎರಚುವ ಕೆಸರು ಫೆಂಡರ್ ಒಳಗೆ ಕೆಸರು ತಡೆಯುವ ಸ್ಪ್ಲಾಶ್ ಪ್ಯಾನೆಲ್ ಎಂಬ ತಗಡಿನ ಸುತ್ತ ಸೇರಿಕೊಳ್ಳುತ್ತದೆ. ಅದರ ರಬ್ಬರ್ ಹಳತಾದ ಮೇಲೆ ನೀರು ಹಿಂದಕ್ಕೆ ನುಗ್ಗಿ ಸಿಲ್‌ನ ತುದಿಗೆ ಇಳಿಯುತ್ತದೆ. ಚಳಿಗಾಲದಲ್ಲಿ ಇಂಗ್ಲೆಂಡಿನ ರಸ್ತೆಗೆ ಉಪ್ಪು ಬೇರೆ ಹಾಕುತ್ತಾರೆ. ಹೊರಗೆ ಬಣ್ಣದಲ್ಲಿ ನಾಲ್ಕು ಗುಳ್ಳೆ ಎದ್ದಿವೆ ಅಂದರೆ ಒಳಗಿನ ಮೆಂಬ್ರೇನ್ ಆಗಲೇ ಪುಡಿ ಆಗಿದೆ ಅಂತ ತಿಳಿಯಿರಿ.

ನನ್ನ ಕಾರಿನಲ್ಲಿ ಗುಳ್ಳೆಯೂ ಇರಲಿಲ್ಲ. ಹಿಂದಿನ ಮಾಲೀಕರು ಯಾವುದೋ ಗ್ಯಾರೇಜಿನಲ್ಲಿ ಕೆಲಸ ಮಾಡಿಸಿದ್ದರು. ಕೊಳೆತ ಸಿಲ್ ಮೇಲೆ ಇನ್ನೊಂದು ತೆಳು ತಗಡು ಮುಚ್ಚಿ, ಬೆರಳು ದಪ್ಪ ಪುಟ್ಟಿ ಎಳೆದು, ಫಳಫಳ ಹೊಳೆಯುವಂತೆ ಬಣ್ಣ ಹೊಡೆದಿದ್ದರು. ಆಯಸ್ಕಾಂತ ಹಿಡಿದರೆ ಜಾರಿ ಬೀಳುತ್ತಿತ್ತು. ಮುಂದಿನಿಂದ ಜಾಕಿ ಕೊಟ್ಟು ಎತ್ತಿದರೆ ಎಡಗಡೆಯ ಬಾಗಿಲು ತೆರೆಯಲು ಬರುತ್ತಿರಲಿಲ್ಲ. ಬಾಡಿ ನಡುವೆ ಬಗ್ಗುತ್ತಿದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಬ್ರಿಟನ್ನಿನಲ್ಲಿ 40 ವರ್ಷ ದಾಟಿದ ಇಂಥ ಕಾರಿಗೆ ವರ್ಷಕ್ಕೊಮ್ಮೆ ಮಾಡಿಸುವ ಎಂಒಟಿ ಪರೀಕ್ಷೆ ಕಡ್ಡಾಯವಲ್ಲ. ರಸ್ತೆ ತೆರಿಗೆಯೂ ಇಲ್ಲ. ಇದು ಸಂತೋಷದ ವಿಷಯವೇ. ಆದರೆ ಕೆಳಗೆ ಬಗ್ಗಿ ನೋಡುವವರು ಯಾರೂ ಇರುವುದಿಲ್ಲ, ನೀವೇ ನೋಡಬೇಕು.

ಈಗ ಹೆರಿಟೇಜ್ ವಿಷಯಕ್ಕೆ ಬರೋಣ. 1975ರಲ್ಲಿ, ಎಂಜಿ ಬ್ರಿಟಿಷ್ ಲೇಲ್ಯಾಂಡ್ ಕಂಪನಿಯ ಕೈಯಲ್ಲಿದ್ದ ಕಾಲದಲ್ಲಿ ಶುರುವಾದ ಸಂಸ್ಥೆ ಇದು. ಈಗ ಆಕ್ಸ್‌ಫರ್ಡ್‌ಶೈರ್‌ನ ವಿಟ್ನಿಯಲ್ಲಿದೆ. ಹಳೆಯ ಪ್ರೆಸ್ ಅಚ್ಚುಗಳನ್ನು ಹುಡುಕಿ, ಸರಿಮಾಡಿ, ಅವುಗಳಲ್ಲೇ ಮತ್ತೆ ತಗಡು ಒತ್ತಿಸುತ್ತಾರೆ. 1988ರಲ್ಲಿ ಎಂಜಿಬಿಯ ಇಡೀ ಬಾಡಿಯನ್ನೇ ಹೊಸದಾಗಿ ಮಾಡಿ ಮಾರಲು ಶುರುಮಾಡಿದರು. ನಿಂತುಹೋದ ಕಾರಿನ ಬಾಡಿ ಹೊಸದಾಗಿ ಸಿಗುವುದು ಅಂದರೆ ಸುಮ್ನೆ ಮಾತಲ್ಲ. ಅದರ ಬಲದ ಮೇಲೆಯೇ ರೋವರ್ ಕಂಪನಿ 1990ರ ದಶಕದಲ್ಲಿ ಎಂಜಿ ಆರ್‌ವಿ8 ಅಂತ ವಿ8 ಎಂಜಿನ್ನಿನ ಕಾರು ತಂದಿತು. ಸುಮಾರು 2,000 ಕಾರು ಮಾಡಿದರು, ಹೆಚ್ಚಿನವು ಜಪಾನಿಗೆ ಹೋದವು.

ಕಾರಿನ ಜೊತೆ ಹಿಂದಿನ ಮಾಲೀಕರು ಕೊಂಡಿಟ್ಟಿದ್ದ ಅಗ್ಗದ ಸಿಲ್ ಒಂದು ನನಗೆ ಪುಕ್ಕಟೆ ಬಂದಿತ್ತು. ಅದರ ಮೇಲೆ ಯಾರ ಹೆಸರೂ ಇರಲಿಲ್ಲ. ಹೆರಿಟೇಜ್ ಸಿಲ್ ಬಂದ ದಿನ ಎರಡನ್ನೂ ನೆಲದ ಮೇಲೆ ಪಕ್ಕಪಕ್ಕ ಮಲಗಿಸಿ ನೋಡಿದೆ. ದೂರದಿಂದ ಒಂದೇ ಥರ. ಹತ್ತಿರ ಕೂತು ನೋಡಿದಾಗ ವ್ಯತ್ಯಾಸ ತಿಳಿಯಿತು. ಬಾಗಿಲ ಕೆಳಗೆ ಬರುವ ಮೇಲಂಚು ಅಗ್ಗದ್ದರಲ್ಲಿ ಮೊಂಡಾಗಿ ತಿರುಗಿದೆ, ಹೆರಿಟೇಜ್‌ನದರಲ್ಲಿ ಚೂಪಾಗಿ ಮಡಿಸಿದೆ. ಕೆಳಗಿನ ವೆಲ್ಡಿಂಗ್ ಅಂಚು ಅಗ್ಗದ್ದರಲ್ಲಿ ಒಂದು ತುದಿಗೆ ಅಗಲ, ಇನ್ನೊಂದು ತುದಿಗೆ ಕಿರಿದು. ಹೊರಮೈಯ ಉಬ್ಬಂತೂ ಬೇರೆಯೇ. ಬೆಳಕಿಗೆ ಹಿಡಿದಾಗ ಹೆರಿಟೇಜ್ ತಗಡಿನ ಮೇಲೆ ಬೆಳಕಿನ ಗೆರೆ ಈ ತುದಿಯಿಂದ ಆ ತುದಿಗೆ ನೆಟ್ಟಗೆ ಓಡುತ್ತದೆ. ಅಗ್ಗದ್ದರಲ್ಲಿ ನಡುವೆ ಒಂದು ಕಡೆ ಸೊಟ್ಟಗಾಗುತ್ತದೆ. ಆ ಸೊಟ್ಟವನ್ನು ಆಮೇಲೆ ಪುಟ್ಟಿಯಲ್ಲಿ ಮುಚ್ಚಬೇಕು. ಪುಟ್ಟಿ ಬೇಡ ಅಂತಲೇ ಅಲ್ವಾ ಹೊಸ ಸಿಲ್ ಹಾಕುತ್ತಿರುವುದು?

ಬೆಲೆ ಅಗ್ಗದ್ದಕ್ಕಿಂತ ಸಾಕಷ್ಟು ಜಾಸ್ತಿ. ಹೊರ ಸಿಲ್, ಮೆಂಬ್ರೇನ್, ಕ್ಯಾಸಲ್ ರೈಲ್ ಎಲ್ಲ ಬೇರೆಬೇರೆಯಾಗಿ ಕೊಳ್ಳಬೇಕು. ದುಡ್ಡು ಉಳಿಸಲು ಹೊರಗಿನದನ್ನು ಮಾತ್ರ ತರಿಸುವ ಯೋಚನೆ ಬೇಡ. ಒಳಗಿನದು ಕೊಳೆತಿದ್ದರೆ ಹೊಸ ಅಂಚನ್ನು ಯಾವುದಕ್ಕೆ ವೆಲ್ಡ್ ಮಾಡುತ್ತೀರಿ?

ಕೂರಿಸುವ ಕೆಲಸದಲ್ಲಿ ನನ್ನ ಗುರು ನಮ್ಮ ಭಾವ. ಶಿವಮೊಗ್ಗದಲ್ಲಿ ಟಿಂಕರಿಂಗ್ ಶೆಡ್ ಇಟ್ಟಿದ್ದಾರೆ. ಎಂಜಿಬಿಯನ್ನು ಕಣ್ಣಿಂದ ಕಂಡವರಲ್ಲ, ಆದರೆ ತಗಡಿನ ಸ್ವಭಾವ ಅವರಿಗೆ ಚೆನ್ನಾಗಿ ಗೊತ್ತು. ವಿಡಿಯೊ ಕಾಲ್‌ನಲ್ಲಿ ನೋಡಿ, “ಮೊದಲು ಬಾಗಿಲು ಕೂರಿಸಿ. ಬಾಗಿಲ ಸಂದು ಮೇಲೆ ಕೆಳಗೆ ಒಂದೇ ಸಮ ಬರುವ ತನಕ ವೆಲ್ಡಿಂಗ್ ಮುಟ್ಟಬೇಡಿ” ಅಂದರು. “ಆಯ್ತು ಭಾವ, ಫೆಂಡರ್ ಕೂಡ ಕೂರಿಸಿಯೇ ನೋಡಬೇಕಾ?” ಅಂತ ಕೇಳಿದೆ. “ಮತ್ತೆ? ಅದಿಲ್ಲದೆ ಸಂದು ಹೇಗೆ ಗೊತ್ತಾಗುತ್ತೆ?” ಅಂದರು.

ಇಲ್ಲಿ ಬ್ರಿಟನ್ನಿನ ಅನುಭವಿಗಳು ಹೇಳುವುದೂ ಅದನ್ನೇ. ಒಂದು ಸಲಕ್ಕೆ ಒಂದೇ ಕಡೆಯ ಸಿಲ್ ಕತ್ತರಿಸಬೇಕು. ಕತ್ತರಿಸುವ ಮೊದಲು ಬಾಗಿಲ ಚೌಕಟ್ಟಿಗೆ ಅಡ್ಡ ಕಬ್ಬಿಣ ಕೊಟ್ಟು ಬಿಗಿಯಬೇಕು. ಇಲ್ಲದಿದ್ದರೆ ಬಾಡಿ ನಡುವೆ ಕುಸಿದು ಬಾಗಿಲ ಸಂದು ಮೇಲ್ಗಡೆ ಮುಚ್ಚಿಕೊಳ್ಳುತ್ತದೆ. ಮುಂದಿನ ಫೆಂಡರ್ ಬೋಲ್ಟ್ ಮೇಲೆ ನಿಂತಿದೆ, ಬಿಚ್ಚಬಹುದು. ಡ್ಯಾಶ್‌ಬೋರ್ಡ್ ಹಿಂದೆ ಅಡಗಿರುವ ಬೋಲ್ಟ್‌ಗಳಿಗೆ ತಾಳ್ಮೆ ಬೇಕು, ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿಡಿ. ಸಿಲ್‌ನ ಹಿಂತುದಿ ಹಿಂದಿನ ಫೆಂಡರಿನ ಒಳಗೆ ಹೋಗುವುದರಿಂದ ಅದರ ಕೆಳಭಾಗವನ್ನು ಕತ್ತರಿಸಿ, ಆಮೇಲೆ ರಿಪೇರಿ ತುಂಡು ಹಾಕಬೇಕು. ಇದನ್ನು ತಪ್ಪಿಸಲು ಸಿಲ್ಲನ್ನೇ ಮೋಟು ಮಾಡಿ ಫೆಂಡರಿನ ಅಂಚಿಗೆ ಅಂಟಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬಲವೆಲ್ಲ ಆ ತುದಿಗಳಲ್ಲೇ ಇದೆ.

ಹೆರಿಟೇಜ್ ತಗಡಿನ ನಿಜವಾದ ಬೆಲೆ ಗೊತ್ತಾದದ್ದು ಕ್ಲಾಂಪ್ ಹಾಕುವಾಗ. ಸುತ್ತಿಗೆಯ ಕೆಲಸ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಮೇಲಂಚು ಬಾಗಿಲ ಕಂಬದ ಬುಡಕ್ಕೆ ಒತ್ತಿ ಕೂತಿತು. ಅಂಚಿನಲ್ಲಿ ಸಾಲಾಗಿ ತೂತು ಕೊರೆದು, ವೆಲ್ಡಿಂಗ್ ತಡೆದುಕೊಳ್ಳುವ ಸತುವಿನ ಪ್ರೈಮರ್ ಹೊಡೆದು, ಮಿಗ್ ವೆಲ್ಡರ್‌ನಲ್ಲಿ ಆ ತೂತುಗಳನ್ನು ತುಂಬುತ್ತಾ ಹೋದೆ. ಒಂದು ಈ ತುದಿಗೆ, ಇನ್ನೊಂದು ಆ ತುದಿಗೆ. ಒಂದೇ ಕಡೆ ಬಿಸಿ ಜಾಸ್ತಿಯಾದರೆ ತಗಡು ಸೊಟ್ಟಗಾಗುತ್ತದೆ. ಎಲ್ಲ ಮುಗಿಸಿ, ಅಡ್ಡ ಕಬ್ಬಿಣ ಬಿಚ್ಚಿ, ಜಾಕಿ ಎತ್ತಿ ಬಾಗಿಲು ತೆರೆದೆ. ಸಲೀಸಾಗಿ ತೆರೆಯಿತು, ಸಲೀಸಾಗಿ ಮುಚ್ಚಿತು. ಆ ಖುಷಿಗೆ ಬೆಲೆ ಕಟ್ಟಲಾರೆ.

ಬಣ್ಣದ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಹಾರ್ಡನರ್ ಬೆರೆಸಿ ಹೊಡೆಯುವ ಈಗಿನ 2ಕೆ ಪೇಂಟ್ ಬಾಳಿಕೆಗೆ ಒಳ್ಳೆಯದು, ಆದರೆ ಆ ಹಾರ್ಡನರ್‌ನಲ್ಲಿ ಐಸೋಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಉಸಿರಿನಲ್ಲಿ ಹೋದರೆ ಆಸ್ತಮಾ ಬರಬಹುದು. ಅದಕ್ಕೆ ಹೊರಗಿನಿಂದ ಪೈಪಿನಲ್ಲಿ ಗಾಳಿ ಕೊಡುವ ಮಾಸ್ಕ್ ಬೇಕೇ ಬೇಕು, ಇದ್ದಿಲಿನ ಮಾಸ್ಕ್ ಸಾಲದು. ಮನೆಯ ಗ್ಯಾರೇಜಿನಲ್ಲಿ, ಪಕ್ಕದಲ್ಲಿ ಮಕ್ಕಳು ಓಡಾಡುವ ಜಾಗದಲ್ಲಿ ನನಗೆ ಅದು ಬೇಡ ಅನಿಸಿತು. ಸೆಲ್ಯುಲೋಸ್ ಪೇಂಟ್ ಹೊಡೆದೆ. ಊರಲ್ಲಿ ಡ್ಯೂಕೊ ಅನ್ನುತ್ತಾರಲ್ಲ, ಆ ಜಾತಿಯದ್ದು. ಬೇಗ ಒಣಗುತ್ತದೆ. ಧೂಳು ಕೂತರೆ ವಾಟರ್ ಪೇಪರ್ ಹಾಕಿ ಉಜ್ಜಿ ಮತ್ತೆ ಹೊಡೆಯಬಹುದು. ಇದಕ್ಕೂ ಒಳ್ಳೆಯ ಮಾಸ್ಕ್ ಬೇಕು, ಬೆಂಕಿ ಮತ್ತು ಹೀಟರ್ ಹತ್ತಿರ ಇರಲೇಬಾರದು. ಗಾಳಿಯಲ್ಲಿ ತೇವ ಜಾಸ್ತಿ ಇದ್ದ ದಿನ ಬಣ್ಣದ ಮೇಲೆ ಬಿಳಿ ಮಂಜು ಕಟ್ಟುತ್ತದೆ, ಅಂಥ ದಿನ ಸ್ಪ್ರೇ ಗನ್ ಮುಟ್ಟಬೇಡಿ. ಸಿಲ್‌ಗೆ ಪುಟ್ಟಿಯೇ ಬೇಕಾಗದ್ದರಿಂದ ಪ್ರೈಮರ್ ಮೇಲೆ ನೇರವಾಗಿ ಟಾರ್ಟನ್ ರೆಡ್ ಬಂತು. 1500, 2000 ನಂಬರಿನ ಪೇಪರ್ ಹಾಕಿ ಉಜ್ಜಿ ಕಾಂಪೌಂಡ್ ಹಚ್ಚಿದ ಮೇಲೆ ಬಾಗಿಲಿಗೂ ಸಿಲ್‌ಗೂ ಹೊಳಪಿನ ಗೆರೆ ಒಂದೇ ಸಾಲಿಗೆ ನಿಂತಿತು.

ಬಣ್ಣ ಒಣಗಿದ ಕೂಡಲೇ ಒಳಗೆ ಮೇಣದ ಲೇಪ ಹೊಡೆಯಿರಿ. ನಾನು ಬಳಸಿದ್ದು ಡಿನಿಟ್ರಾಲ್. ಉದ್ದ ಪೈಪನ್ನು ಮೆಂಬ್ರೇನ್‌ನ ಎರಡೂ ಬದಿಗೆ ಬಿಟ್ಟು, ಕೆಳಗಿನ ನೀರು ಹೋಗುವ ತೂತುಗಳಿಂದ ಮೇಣ ತೊಟ್ಟಿಕ್ಕುವವರೆಗೂ ಹೊಡೆಯಬೇಕು. ಆಮೇಲೆ ಆ ತೂತುಗಳನ್ನು ತಂತಿಯಿಂದ ಬಿಡಿಸಲು ಮರೆಯಬೇಡಿ.

ಜಿಟಿ ಮಾದರಿ ಇರುವವರಿಗೆ ಮೇಲೆ ತಗಡಿನ ಚಾವಣಿ ಇರುವುದರಿಂದ ಕುಸಿಯುವ ಭಯ ಕಡಿಮೆ. ಆದರೂ ಬಾಗಿಲು ಕೂರಿಸಿಯೇ ಅಳೆಯಿರಿ. ಬಲಗಡೆಯ ಸಿಲ್ ನನಗಿನ್ನೂ ಬಾಕಿ ಇದೆ. ಅದಕ್ಕೂ ಹೆರಿಟೇಜ್‌ನದ್ದಕ್ಕೇ ಆರ್ಡರ್ ಕೊಟ್ಟಿದ್ದೇನೆ, ಈ ಸಲ ಹಿಂದಿನ ಫೆಂಡರಿನ ರಿಪೇರಿ ತುಂಡನ್ನೂ ಜೊತೆಗೇ ಸೇರಿಸಿ.